ಕೆಳ ಅಂತಸ್ತಿನ ಪಾಠಗಳು

ಹೊಸಬೈಲು ವಿದ್ಯಾಪೀಠ, ಮಂಗಳ ಗ್ರಹ
ಕ್ರಿಸ್ತಶಕ ೨೪೧೯, ಇಲ್ಲಿಯ ಲೆಕ್ಕದಲ್ಲಿ ಹತ್ತೊಂಬತ್ತನೆಯ ತಿಂಗಳು, ಧೂಳುಗಾಲ

ನಾಲ್ಕುನೂರು ವರ್ಷ ಹಿಂದೆ ಇರುವವರೇ,

ಹತ್ತೊಂಬತ್ತನೆಯ ತಿಂಗಳು ಎಂದಿದ್ದನ್ನು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಇಲ್ಲಿ ವರ್ಷಕ್ಕೆ ಇಪ್ಪತ್ತನಾಲ್ಕು ತಿಂಗಳು. ಸೂರ್ಯನನ್ನು ಸುತ್ತುವ ದಾರಿ ಉದ್ದ, ಅದಕ್ಕೆ ನಾನೇನು ಮಾಡಲಿ? ನನ್ನ ಮಾತು ನಿಮಗೆ ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಹೊಸ ಪದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಪತ್ರ ಬರುತ್ತಿರುವುದು ಹಿನ್ನಡೆ ಅಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ. ಮುಟ್ಟಿತೋ ಇಲ್ಲವೋ ತಿಳಿಯುವುದಿಲ್ಲ. ಜನ ಸಾಮಾನ್ಯವಾಗಿ ತಮ್ಮ ಮುತ್ತಜ್ಜನಿಗೆ ಬರೆದು, ಆ ಹೊಲ ಮಾರಬೇಡ ಎಂದು ಗೋಗರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಬೇರೆ ನಾಡಿನ ವಿಶ್ವವಿದ್ಯಾಲಯಕ್ಕೆ ವಿನಿಮಯ ವಿದ್ಯಾರ್ಥಿಯಾಗಿ ಹೊರಟು, ಯಾವ ಪಾಠ ಹಿಡಿಯಲಿ, ಯಾವುದನ್ನು ಬಿಡಲಿ ಎಂದು ತಲೆ ಕೆರೆದುಕೊಳ್ಳುತ್ತ ಕುಳಿತಿರುವ ನಿಮಗೆ.

ನನ್ನ ಹೆಸರು ನೀಲಗಂಗಾ. ಹುಟ್ಟಿ ಬೆಳೆದದ್ದು ಭೂಮಿಯ ಮೇಲೆ, ಗದಗಿನಲ್ಲಿ. ಈಗ ಇರುವುದು ಮಂಗಳ ಗ್ರಹದ ಹೊಸಬೈಲಿನಲ್ಲಿ. ಬಹಳ ಹಿಂದೆ ಕರಾವಳಿಯಿಂದ ಬಂದ ಕೆಲಸಗಾರರು ಕಟ್ಟಿದ ಊರು ಇದು. ಹಾಗಾಗಿ ಈ ಗಾಜಿನ ಛಾವಣಿಯ ಕೆಳಗೆ ಇವತ್ತಿಗೂ ಕರಾವಳಿಯ ಕನ್ನಡವೇ ಕೇಳುತ್ತದೆ. ಹೊಸದಾಗಿ ಬಂದಿಳಿದ ವಿನಿಮಯದ ಮಕ್ಕಳನ್ನು ಕೂಡಿಸಿಕೊಂಡು ಇಲ್ಲಿಯ ನಿಯಮ ಹೇಳುವುದು ನನ್ನ ಕೆಲಸ. ನಿಯಮವನ್ನಷ್ಟೇ ಹೇಳುತ್ತೇನೆ. ನನಗೆ ಏನಾಯಿತು ಎಂದು ಹೇಳುವುದಿಲ್ಲ. ಬಂದ ದಿನವೇ ಮಕ್ಕಳನ್ನು ಅಳಿಸುವುದು ಯಾಕೆ?

ನಿಮ್ಮ ಕಾಲದಲ್ಲಿ ವಿನಿಮಯ ಎಂಬ ಮಾತನ್ನು ಸಲೀಸಾಗಿ ಆಡುತ್ತಿದ್ದರಂತೆ. ನಮ್ಮಲ್ಲಿ ಅದು ನಿಜವಾಗಿ ವಿನಿಮಯ. ಇಲ್ಲಿ ಗಾಳಿ, ನೀರು, ಅನ್ನ ಎಲ್ಲವೂ ತಲೆ ಲೆಕ್ಕದ್ದು. ಬಿಸಿ ಏರಿದ ಮೇಲೆ ಭೂಮಿಯಲ್ಲೂ ಹಾಗೆಯೇ ಆಗಿದೆ. ಆದ್ದರಿಂದ ಒಬ್ಬರು ಬಂದರೆ ಒಬ್ಬರು ಹೋಗಬೇಕು, ಆಮೇಲೆ ಇಬ್ಬರೂ ಒಂದೇ ಕಾಲಕ್ಕೆ ಹಿಂದಿರುಗಬೇಕು. ಆ ಇಬ್ಬರನ್ನು ಜೋಡಿ ಎನ್ನುತ್ತಾರೆ. ಜೋಡಿಗಳು ಒಬ್ಬರ ಮುಖ ಒಬ್ಬರು ಎದುರಿಗೆ ನೋಡುವುದೇ ಇಲ್ಲ, ಅವರ ಹಡಗುಗಳು ಆಕಾಶದಲ್ಲಿ ಎಲ್ಲೋ ದೂರದಲ್ಲಿ ದಾಟಿಹೋಗುತ್ತವೆ. ಆದರೆ ಇವಳ ಹಾಸಿಗೆಯಲ್ಲಿ ಅವಳು ಮಲಗುತ್ತಾಳೆ, ಊಟಕ್ಕೆ ಇವಳು ಕೂರುವ ಜಾಗದಲ್ಲೇ ಅವಳು ಕೂರುತ್ತಾಳೆ. ಮಗಳು ಹೋದ ಮನೆಗೆ ಮಗಳೇ ಬಂದಳು ಎಂದು ತಾಯಂದಿರಿಗೆ ಸಮಾಧಾನ ಆಗಲಿ ಅಂತ ಈ ಪದ್ಧತಿ ಮಾಡಿದರಂತೆ. ಯಾರು ಮಾಡಿದರೋ, ಅವರಿಗೆ ಮಕ್ಕಳಿರಲಿಲ್ಲ ಅನ್ನಿಸುತ್ತದೆ.

ಇನ್ನೊಂದು ಪದ್ಧತಿಯೂ ಉಂಟು. ಓದಿನ ಯೋಜನೆಯನ್ನು ನಾವು ಹಾಸು ಎನ್ನುತ್ತೇವೆ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುತ್ತಾರಲ್ಲ, ಆ ಹಾಸು. ನಿಮ್ಮ ಹಾಸನ್ನು ನೀವು ಹಾಕುವಂತಿಲ್ಲ. ನೀವು ಹೋಗುವ ಊರಿನ ವಿದ್ಯಾಪೀಠ ನಿಮಗೇನು ಗೊತ್ತು? ಅಲ್ಲಿ ಓದಿದ ನಿಮ್ಮ ಜೋಡಿ ನಿಮಗಾಗಿ ಹಾಕುತ್ತಾಳೆ, ಅವಳಿಗಾಗಿ ನೀವು ಹಾಕುತ್ತೀರಿ. ಅವಧಿ ಶುರುವಾದ ಮೊದಲ ವಾರ ಅದನ್ನು ಬದಲಿಸಬಹುದು. ಅದಕ್ಕೆ ಸೋಸುವ ವಾರ ಎಂದು ಹೆಸರು. ಬದಲಿಸುವುದಾದರೂ ಇಬ್ಬರ ಸಹಿ ಬೇಕು.

ನನ್ನ ಜೋಡಿಯ ಹೆಸರು ಸೆವ್ರಿನ್. ನಾನು ಗಾಜಿನ ಕೆಳಗೆ ಜೋಳ ಬೆಳೆಯುವುದನ್ನು ಕಲಿಯಲು ಇಲ್ಲಿಗೆ ಹೊರಟವಳು, ಅವಳು ನಮ್ಮ ಎರೆಮಣ್ಣನ್ನು ಓದಲು ಗದಗಿಗೆ ಹೊರಟವಳು. ನಾಲ್ಕು ಅವಧಿಯ ಓದು. ಇಲ್ಲಿಂದ ಅಲ್ಲಿಗೆ ದನಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ನಾವು ಮಾತಾಡಿಕೊಳ್ಳುವುದಿಲ್ಲ, ಒಬ್ಬರು ಹೇಳಿ ಮುಗಿಸಿದ್ದನ್ನು ಇನ್ನೊಬ್ಬರು ಕೇಳುತ್ತೇವೆ. ಹೊರಡುವ ಮೊದಲು ಅವಳು ನನಗೆ ಹಾಕಿದ ಹಾಸನ್ನು ದನಿಯಲ್ಲೇ ವಿವರಿಸಿದ್ದಳು. ಬೆಳಗಿನ ಪಾಠ ಇಟ್ಟಿಲ್ಲ, ಆ ಹೊತ್ತಿಗೆ ಗಾಳಿ ಸೋಸುವ ಯಂತ್ರದ ಸದ್ದಿಗೆ ಏನೂ ಕೇಳುವುದಿಲ್ಲ. ನಡಿಗೆಯ ಪಾಠ ಕಡ್ಡಾಯ, ಇಲ್ಲದಿದ್ದರೆ ಈ ಹಗುರಿನಲ್ಲಿ ಕಾಲೆತ್ತಿದಲ್ಲೆಲ್ಲ ಮುಗ್ಗರಿಸುತ್ತೀ. ಧೂಳಿನ ಚರಿತ್ರೆಯನ್ನು ಹೇಳುವ ಮುದುಕ ಮೇಷ್ಟ್ರನ್ನು ಮಾತ್ರ ಬಿಡಬೇಡ. "ಅವರು ಪಾಠ ಒಂದು ಬಿಟ್ಟು ಮತ್ತೆಲ್ಲ ಹೇಳ್ತಾರೆ ಮಾರಾಯ್ತಿ, ಆದ್ರೆ ಪರೀಕ್ಷೆಗೆ ಬರುದು ಅದೇ." ಕೇಳಿ ನಕ್ಕಿದ್ದೆ. ಬಂದು ನೋಡಿದರೆ ಅಕ್ಷರಶಃ ಹಾಗೆಯೇ ಇತ್ತು.

ಅವಳ ಹಾಸನ್ನು ನಾನು ಹಾಕಿದ್ದು ಹೇಗೆ ಎಂದು ಹೇಳುತ್ತೇನೆ. ಅವಳಿಗೆ ಏಳು ಪಾಠ ಬೇಕಿತ್ತು, ಭಾರಿ ಹುರುಪು. ನಾನು ನಾಲ್ಕಕ್ಕೆ ಇಳಿಸಿದೆ. ಇಲ್ಲಿ ಹುಟ್ಟಿದವರು ಭೂಮಿಗೆ ಇಳಿದರೆ ಮೈ ಎರಡೂವರೆ ಪಟ್ಟು ಭಾರವಾಗುತ್ತದೆ, ಒಂದು ಚೊಂಬು ನೀರು ಎತ್ತುವುದೂ ಕಷ್ಟ. ಮೆಟ್ಟಿಲು ಹತ್ತುವ ಮಾತೇ ಇಲ್ಲ. ಆದ್ದರಿಂದ ಯಾವ ಪಾಠ ಒಳ್ಳೆಯದು, ಯಾವ ಗುರು ದೊಡ್ಡವರು ಎಂದು ನಾನು ನೋಡಲೇ ಇಲ್ಲ. ನಮ್ಮ ವಿದ್ಯಾಪೀಠದಲ್ಲಿ ಓಡಾಡಿ, ಕೆಳ ಅಂತಸ್ತಿನಲ್ಲಿ ಏನೇನು ನಡೆಯುತ್ತದೆ ಎಂದು ನೋಡಿ, ಅವನ್ನೇ ಪೋಣಿಸಿದೆ. ಎರಡು ಪಾಠಗಳ ನಡುವೆ ಕೂತು ದಣಿವಾರಿಸಿಕೊಳ್ಳಲು ಹೊತ್ತು ಬಿಟ್ಟೆ.

ಅವಳು ನಮ್ಮ ಮನೆ ಸೇರಿದಳು, ನಾನು ಅವಳ ಅಪ್ಪನ ಮನೆ ಸೇರಿದೆ. ಅವಳ ಅಪ್ಪ ಬೊನಿಫಾಸ್ ನೀರಿನ ಕೊಳವೆ ದುರಸ್ತಿ ಮಾಡುವವರು, ಹೆಂಡತಿಯನ್ನು ಕಳೆದುಕೊಂಡವರು. ನಾನು ಅವರನ್ನು ಬೋನು ಮಾಮ ಎನ್ನುತ್ತಿದ್ದೆ. ಅವರು ಗಂಜಿಗೆ ಉಪ್ಪಿನಕಾಯಿ ಬಡಿಸಿ ಸುಮ್ಮನೆ ಎದುರು ಕೂರುವವರು, ನಾನು ಬಾಯಿ ಮುಚ್ಚದವಳು. ಹೊಂದಿಕೊಂಡೆವು. ಅತ್ತ ಗದಗಿನಿಂದ ಅವ್ವನ ದನಿ ಬರುತ್ತಿತ್ತು. ಹುಡುಗಿ ಖಡಕ್ ರೊಟ್ಟಿ ಮುರಿಯಲು ಹೋಗಿ ಬೆರಳು ಉಳುಕಿಸಿಕೊಂಡಳಂತೆ. ನನ್ನ ಅಣ್ಣ ಸಂಗಮೇಶ ಅವಳನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ದಿನಾ ಪಾಠಕ್ಕೆ ದೂಡಿಕೊಂಡು ಹೋಗುತ್ತಾನಂತೆ. ಮನೆಯಲ್ಲಿ ಒಂದು ಲೋಟ ಎತ್ತಿಡದ ಅಣ್ಣ! ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೂರನೆಯ ಅವಧಿಯ ಸೋಸುವ ವಾರದಲ್ಲಿ ಸೆವ್ರಿನ್‌ಳ ದನಿ ಬಂತು. ಯಾವಾಗಲೂ ಶುರುವಿನಲ್ಲೇ ಒಂದು ಚೇಷ್ಟೆಯ ಮಾತು ಇರುತ್ತಿತ್ತು, ಅವತ್ತು ಇರಲಿಲ್ಲ. ಅವಳೂ ಅಣ್ಣನೂ ಮದುವೆಯಾಗಬೇಕೆಂದಿದ್ದಾರೆ. ಅವಳು ಬಸುರಿ. ಭೂಮಿಯ ಭಾರದಲ್ಲಿ ಮೊಳೆತ ಕೂಸಿನ ಎಲುಬು ಇಲ್ಲಿಯ ಹಗುರಿನಲ್ಲಿ ಬಲಿಯುವುದಿಲ್ಲ. ಅಂಥ ಕೂಸುಗಳನ್ನು ಹಡಗಿಗೆ ಹತ್ತಿಸುವುದೇ ಇಲ್ಲ. ನಾಲ್ಕನೆಯ ಅವಧಿ ಮುಗಿದು ಹಡಗು ಹೊರಡುವಾಗ ಅವಳು ಒಬ್ಬಳೇ ಹತ್ತಬೇಕು. ಇಲ್ಲವಾದರೆ ಉಳಿದಿರುವುದು ಒಂದೇ ದಾರಿ, ಬೇರುಪಾಠ. ಹತ್ತು ಅವಧಿಯ ಓದು ಅದು. ಹಿಡಿದವರನ್ನು ಆ ಊರಿನ ತಲೆ ಎಂದೇ ಲೆಕ್ಕ ಹಿಡಿಯುತ್ತಾರೆ, ಅವರು ಮತ್ತೆ ಹಿಂದಿರುಗುವುದಿಲ್ಲ. ಆದರೆ ಜೋಡಿಯಲ್ಲಿ ಒಬ್ಬಳು ಹಿಡಿದರೆ ಇನ್ನೊಬ್ಬಳೂ ಹಿಡಿಯಬೇಕು. ತೂಕ ಸರಿಹೋಗಬೇಕಲ್ಲ. ಅಂದರೆ ಅವಳು ಗದಗಿನಲ್ಲಿ ಉಳಿದರೆ ನಾನು ಎಂದೆಂದಿಗೂ ಇಲ್ಲಿ.

"ನೀನು ಬರ್ತೇನೆ ಅಂದ್ರೆ ನಾನು ಹೊರಡ್ತೇನೆ, ನೀಲಾ," ಎಂದಿದ್ದಳು. "ಮಗುವನ್ನು ನಿನ್ನ ಅವ್ವನ ಕೈಲಿ ಕೊಟ್ಟು ಹೊರಡ್ತೇನೆ. ಈ ಮನೆ ನಿನ್ನದು. ನಾನು ಬೇಡಿಕೊಳ್ಳುದಿಲ್ಲ, ಬೇಡಿಕೊಂಡ್ರೆ ನಿನಗೆ ಇಲ್ಲ ಅನ್ಲಿಕ್ಕೆ ಕಷ್ಟ ಆಗ್ತದೆ."

ಬೇಡಿಕೊಂಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಜೋಳದ ಗಾಜುಮನೆಗೆ ಹೋಗಿ, ಅವಳನ್ನು ಬಾಯಿಗೆ ಬಂದಂತೆ ಬೈದೆ. ಉಂಡ ಮನೆಗೆ ದ್ರೋಹ ಬಗೆದವಳು ಎಂದೆ. ನನ್ನ ಹಾಸಿಗೆ, ನನ್ನ ತಾಟು, ನನ್ನ ಅವ್ವ, ಎಲ್ಲ ತಗೊಂಡೆಯಲ್ಲೇ ಎಂದು ಕೂಗಿದೆ. ಅಣ್ಣನನ್ನು ಅವಳಿಗಿಂತ ಹೆಚ್ಚು ಬೈದೆ. ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ, ಒಂದು ದನಿ ಕಳಿಸಲಿಲ್ಲ. ಮನೆಗೆ ಬಂದರೆ ಬೋನು ಮಾಮನಿಗೂ ಸುದ್ದಿ ಮುಟ್ಟಿತ್ತು. ನಾನು ಸಹಿ ಹಾಕಿದರೆ ಅವರಿಗೆ ಮಗಳಿಲ್ಲ. ಹಾಕದಿದ್ದರೆ ಮಗಳು ಬರುತ್ತಾಳೆ, ಕೂಸು ಅಲ್ಲೇ ಉಳಿಯುತ್ತದೆ. ಎದುರು ಬದುರು ಕೂತು ಗಂಜಿ ತಣ್ಣಗಾಗುವ ತನಕ ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಅವರು, "ನನ್ನ ಮುಖ ನೋಡಿ ತೀರ್ಮಾನ ಮಾಡಬೇಡ ಮಗಾ. ನನ್ನ ಮುಖ ಯಾವಾಗಲೂ ಹೀಗೇ ಇರುದು," ಎಂದರು. ಇಬ್ಬರಿಗೂ ನಗು ಬಂತು, ಆಮೇಲೆ ಇಬ್ಬರೂ ಅತ್ತೆವು.

ಅವ್ವನ ದನಿ ಮಾರನೆಯ ದಿನ ಬಂತು. ಬಾ ಎಂದು ಹೇಳುತ್ತಾಳೆ, ಅಷ್ಟು ಹೇಳಿದರೆ ಸಾಕು, ನಾನು ಹಟ ಹಿಡಿದು ಹೊರಟೇಬಿಡುತ್ತೇನೆ ಎಂದು ಕಾದಿದ್ದೆ. ಅವ್ವ ಹೇಳಿದ್ದು ಇಷ್ಟೇ: "ನೀಲಾ, ನನಗ ಎರಡೂ ಕಣ್ಣು ಬೇಕವ್ವಾ. ಯಾವುದು ಇರಲಿ, ಯಾವುದು ಹೋಗಲಿ ಅಂತ ನನ್ನ ಕೇಳಬ್ಯಾಡ. ನನ್ನ ಬಾಯಾಗ ಬರೂದಿಲ್ಲ." ಆ ದನಿಯನ್ನು ನಾನು ಎಷ್ಟು ಸಲ ಕೇಳಿದೆನೋ.

ವಾರ ಮುಗಿಯುವ ಮುಂಚೆ ಕೂತು ಹಾಸು ಹಾಕಿದೆ. ಪದ್ಧತಿ ಎಂದೆನಲ್ಲ, ಅವಳ ಬೇರುಪಾಠವನ್ನು ನಾನೇ ಹಾಕಬೇಕಿತ್ತು. ನನ್ನೂರಿನಲ್ಲಿ ಅವಳು ಓದಬೇಕಾದ ಹತ್ತು ಅವಧಿ, ಒಂದೊಂದೇ ಪಾಠ, ನನ್ನ ಕೈಯಾರೆ. ನಾನು ಮರಳಿ ಹೋದ ಮೇಲೆ ಓದಬೇಕೆಂದು ಆಸೆಪಟ್ಟು ಇಟ್ಟುಕೊಂಡಿದ್ದ ಪಾಠಗಳಿದ್ದವು. ಮಳೆ ಬೀಳುವ ಮೊದಲೇ ಅದು ಎಷ್ಟು ಬಿದ್ದೀತೆಂದು ಅಂದಾಜು ಮಾಡುವ ಪಾಠ, ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಕಾಳು ಕೆಡದಂತೆ ಇಡುವ ಪಾಠ. ಅವೆಲ್ಲವನ್ನೂ ಅವಳಿಗೆ ಹಾಕಿದೆ. ಮೊದಲ ಅವಧಿಗೆ ಬಂದಾಗ ಕೈ ನಿಂತಿತು. ಅವಳು ತುಂಬಿದ ಬಸುರಿ ಆಗಿರುತ್ತಾಳೆ, ಅದೂ ಭೂಮಿಯ ಭಾರದಲ್ಲಿ. ಮತ್ತೆ ಕೆಳ ಅಂತಸ್ತಿನ ಪಾಠಗಳನ್ನೇ ಹುಡುಕಿ ಹಾಕಿದೆ. ಹಾಕುತ್ತ ಹಾಕುತ್ತ ಅಳು ತಡೆಯಲಾಗಲಿಲ್ಲ, ನಿಮಗೆ ಹೇಳಲು ನನಗೇನೂ ನಾಚಿಕೆಯಿಲ್ಲ. ಆಮೇಲೆ ಸಹಿ ಮಾಡಿದೆ. ನನ್ನ ಬೇರುಪಾಠವನ್ನು ಅವಳು ಹಾಕಿ ಕಳಿಸಿದಳು. ಪ್ರತಿ ಅವಧಿಯಲ್ಲೂ ಒಂದು ಪಾಠ, ಬೋನು ಮಾಮನ ಕೊಳವೆ ಕೆಲಸದ ಹತ್ತಿರವೇ ನಡೆಯುವಂಥದ್ದು ಇಟ್ಟಿದ್ದಳು. ಮಧ್ಯಾಹ್ನ ಅವರು ಒಬ್ಬರೇ ಉಣ್ಣಬಾರದು ಎಂದು.

ಇದಾಗಿ ಹನ್ನೆರಡು ವರ್ಷ, ಭೂಮಿಯ ಲೆಕ್ಕದಲ್ಲಿ. ಹುಟ್ಟಿದ್ದು ಹೆಣ್ಣು, ನನ್ನನ್ನು ಅತ್ತೆ ಎನ್ನುತ್ತಾಳೆ, ಅವಳಮ್ಮನ ಹಾಗೆಯೇ ಚೇಷ್ಟೆ. ಅಣ್ಣನ ಮೇಲಿನ ಸಿಟ್ಟು ಇಳಿದಿದೆ. ಸೆವ್ರಿನ್ ಮೇಲಿನ ಸಿಟ್ಟು ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಅವಳ ದನಿ ಬರದಿದ್ದರೆ ಮಾತ್ರ ನನಗೆ ಊಟ ಸೇರುವುದಿಲ್ಲ. ಬೋನು ಮಾಮ ಈಗಲೂ ಸುಮ್ಮನೆ ಎದುರು ಕೂರುತ್ತಾರೆ. ನನ್ನ ಜೋಳ ಗಾಜಿನ ಕೆಳಗೆ ಆಳೆತ್ತರ ಬೆಳೆಯುತ್ತದೆ, ತೆನೆ ಮಾತ್ರ ಸಣ್ಣದು. ನನ್ನ ಎಲುಬು ಹಗುರಾಗಿದೆ, ನಾಳೆ ಯಾರಾದರೂ ನಿಯಮ ಮುರಿದು ಕರೆದೊಯ್ದರೂ ಗದಗಿನ ನೆಲದಲ್ಲಿ ನಾನು ಎದ್ದು ನಿಲ್ಲಲಾರೆ.

ಅಷ್ಟೂ ವರ್ಷ ಅವ್ವ ಒಂದೇ ಒಂದು ಸಲ ಬಾ ಎನ್ನಲಿಲ್ಲ. ಬಹಳ ಎಚ್ಚರಿಕೆಯಿಂದ ಮಾತಾಡುತ್ತಿದ್ದಳು. ಹಬ್ಬದ ದಿನ ಕೂಡ, ಹೋಳಿಗೆ ಮಾಡಿದ್ದೆ ಎಂದು ಹೇಳುತ್ತಿರಲಿಲ್ಲ. ಈ ಧೂಳುಗಾಲದ ಶುರುವಿನಲ್ಲಿ ಅವಳು ಜ್ವರ ಬಂದು ಮಲಗಿದಳು. ಹೊಸ ಮಕ್ಕಳಿಗೆ ಸೋಸುವ ವಾರದ ನಿಯಮ ಹೇಳುತ್ತಿದ್ದಾಗ ಅವಳ ದನಿ ಬಂತು. ಸಂತೆಗೆ ಹೋದವಳನ್ನು ಕೇಳುವ ಹಾಗೆ ಕೇಳಿದ್ದಳು, "ನೀಲಾ, ಯಾವಾಗ ಬರ್ತಿ?"

ನಾಳೆ ಬರ್ತೀನಿ ಯವ್ವಾ ಎಂದು ಕಳಿಸಿದೆ. ಇನ್ನೇನು ಹೇಳಲಿ? ದನಿ ಹೋಗಿ ಮುಟ್ಟಬೇಕು, ತಿರುಗಿ ಬರಬೇಕು. ಮಕ್ಕಳನ್ನು ಹೊರಗೆ ಕಳಿಸಿ ಕಾದೆ. ತಿರುಗಿ ಬಂದದ್ದು ಸೆವ್ರಿನ್‌ಳ ದನಿ. ನಿನ್ನ ಮಾತು ಮುಟ್ಟುವಷ್ಟರಲ್ಲಿ ಅವ್ವ ಹೋಗಿದ್ದಳು, ಆದರೂ ಅವಳ ಕಿವಿಯ ಹತ್ತಿರ ಇಟ್ಟು ಕೇಳಿಸಿದೆ ಎಂದಳು. ಎರಡು ಸಲ ಕೇಳಿಸಿದಳಂತೆ.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ನಿಮ್ಮ ಕಾಲದಲ್ಲಿ ಯಾರೂ ಯಾರ ಜೋಡಿಯೂ ಅಲ್ಲ, ನಿಮ್ಮ ಜಾಗವನ್ನು ಯಾರೂ ಹಿಡಿದಿಲ್ಲ. ಯಾವ ಪಾಠವನ್ನಾದರೂ ಹಿಡಿಯಿರಿ, ಯಾವುದನ್ನಾದರೂ ಬಿಡಿ. ದೊಡ್ಡ ಗುರುಗಳ ಹಿಂದೆ ಓಡಿ, ಸುಲಭದ್ದನ್ನು ಆರಿಸಿಕೊಂಡು ಊರು ಸುತ್ತಿ, ಪ್ರೀತಿ ಮಾಡಿ, ನಪಾಸಾಗಿ, ನನಗೇನು? ಆದರೆ ಕೊನೆಯ ಪರೀಕ್ಷೆ ಮುಗಿದ ಮೇಲೆ ಒಂದು ಸಲ ಮನೆಗೆ ಹೋಗಿ. ಅಲ್ಲೇ ಇರಿ ಎನ್ನುವುದಿಲ್ಲ, ಬೇಕಾದರೆ ಮರುದಿನವೇ ತಿರುಗಿ ಹೊರಡಿ. ಅದು ನಿಮಗೆ ಸಾಧ್ಯ, ನಿಮ್ಮ ಎಲುಬು ಗಟ್ಟಿಯಿದೆ. ಹೋಗಿ ಬಾಗಿಲಲ್ಲಿ ನಿಂತು, ಒಳಗೆ ಯಾರಿದ್ದರೂ ಅವರಿಗೆ ಕೇಳುವ ಹಾಗೆ, ನನ್ನ ಪಾಲಿನದ್ದನ್ನೂ ಸೇರಿಸಿ ಒಂದು ಸಲ ಕೂಗಿ: ಯವ್ವಾ, ನಾ ಬಂದೆ.

ನೀಲಗಂಗಾ