ಬ್ಯಾನರಿನ ಮೇಲಂಚಿನ ಎಂಟು ಬೆರಳುಗಳು

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಬ್ಯಾನರ್ ಒಬ್ಬ ವಿದ್ಯಾರ್ಥಿನಿಯ ಓದನ್ನೇ ನಿಲ್ಲಿಸಿದೆ. ಆ ಪ್ಲಾಸ್ಟಿಕ್ ಹಾಳೆಗೆ ಇಷ್ಟು ಅಧಿಕಾರವಿದೆಯೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಆಡಳಿತದಲ್ಲಿ ಅದಕ್ಕಿರುವ ಗೌರವ ನೋಡಿಯಾದರೂ ಊಹಿಸಬೇಕಿತ್ತು. ರಕ್ತದಾನ ಶಿಬಿರದಲ್ಲಿ ಒಬ್ಬನೇ ಹುಡುಗನನ್ನು ಒಂದಾದ ಮೇಲೊಂದರಂತೆ ಮೂರು ಮಂಚಗಳ ಮೇಲೆ ಮಲಗಿಸಿ ಮೂವರು ದಾನಿಗಳ ಫೋಟೊ ಮಾಡಿಸಿದವರು ತಾವು. ಬ್ಯಾನರ್ ಮಾತ್ರ ಮೂರರಲ್ಲೂ ನೆಟ್ಟಗಿತ್ತು.

ಪ್ರಾಣಿಶಾಸ್ತ್ರದ ಕೊನೆಯ ವರ್ಷದವರನ್ನು ನಾನು ಕಡಲತೀರದ ಬಂಡೆಗಳಿಗೆ ಕರೆದೊಯ್ಯಬೇಕಿತ್ತು. ನೀರು ಇಳಿದ ಹೊತ್ತಿನಲ್ಲಿ ಮಾತ್ರ ಅಲ್ಲಿನ ಗುಳಿಗಳಲ್ಲಿ ನಕ್ಷತ್ರಮೀನು, ಏಡಿಗಳು ಕಾಣಸಿಗುತ್ತವೆ. ಬಸ್ಸು ಅರ್ಧ ದಾರಿ ಸಾಗಿದಾಗ ನಿಮ್ಮ ಫೋನ್ ಬಂತು. ಬ್ಯಾನರ್ ಆಫೀಸಿನಲ್ಲೇ ಉಳಿದಿದೆಯಂತೆ, ವಾಪಸ್ ಬರಬೇಕಂತೆ. ಕಡಲು ನಮಗಾಗಿ ಕಾಯುವುದಿಲ್ಲ ಸರ್ ಎಂದೆ.

"ಬ್ಯಾನರ್ ಇಲ್ದೆ ಪ್ರವಾಸ ಆಯ್ತು ಅಂತ ಹೇಗ್ರೀ ಹೇಳೋದು?" ಎಂದಿರಿ.

ತಿರುಗಿ ಹೋಗಿ ತಂದೆವು. ಅಷ್ಟರಲ್ಲಿ ಬಂಡೆಗಳೆಲ್ಲ ಮುಳುಗಿದ್ದವು. ಕಾರಿನಲ್ಲಿ ಬಂದಿಳಿದ ತಾವು ಕಡಲಿಗೆ ಬೆನ್ನು ಹಾಕಿ, ನಮ್ಮನ್ನೆಲ್ಲ ಅಕ್ಕಪಕ್ಕ ನಿಲ್ಲಿಸಿಕೊಂಡು ಬ್ಯಾನರಿನ ಮುಂದೆ ನಿಂತಿರಿ. 'ಯಶಸ್ವಿ ಅಧ್ಯಯನ ಪ್ರವಾಸ' ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ ತಾನೆ? ಬ್ಯಾನರ್ ಜೋತುಬೀಳುತ್ತಿದೆಯೆಂದು ಒಬ್ಬ ಕುಳ್ಳ ಹುಡುಗಿಯನ್ನು ಹಿಂದೆ ನಿಲ್ಲಿಸಿ, ಕೈಯೆತ್ತಿ ಮೇಲಂಚನ್ನು ಹಿಡಿದುಕೊಳ್ಳಲು ಹೇಳಿದಿರಿ. ಫೋಟೊ ಆಯಿತು, ತಾವು ಹೊರಟಿರಿ.

ಆ ಹುಡುಗಿಯ ಅಪ್ಪ ಬೀಗ ರಿಪೇರಿ ಮಾಡುವವರು. ಊರಿನವರ ಬೀಗವನ್ನೆಲ್ಲ ತೆಗೆಯುವ ಮನುಷ್ಯ ಮಗಳ ವಿಷಯದಲ್ಲಿ ಮಾತ್ರ ಬಿಗಿ. ಅವರ ಅಂಗಡಿಯ ಸ್ಟೂಲಿನ ಮೇಲೆ ಸಂಜೆಗಟ್ಟಲೆ ಕೂತು, ಅವಳು ನನ್ನ ಕಣ್ಣೆದುರೇ ಇರುತ್ತಾಳೆಂದು ಮಾತು ಕೊಟ್ಟು ಒಪ್ಪಿಸಿದ್ದೆ. ಅದು ಅವಳ ಮೊದಲ ಪ್ರವಾಸ. ವಾರ್ಷಿಕೋತ್ಸವದ ದಿನ ಅವರು ಇಸ್ತ್ರಿ ಅಂಗಿ ತೊಟ್ಟು ಬಂದರು. ವರಾಂಡದಲ್ಲಿ ತಾವು ತೂಗುಹಾಕಿಸಿದ ಆಳೆತ್ತರದ ಫೋಟೊದಲ್ಲಿ ಮಗಳನ್ನು ಹುಡುಕಿದರು. ಸಿಗಲಿಲ್ಲ.

"ಅಪ್ಪಾ, ಈ ಬೆರಳುಗಳು ನಂದೇ," ಎಂದು ಅವಳು ತೋರಿಸಿದಳು.

ಮಗಳು ಪ್ರವಾಸಕ್ಕೆ ಬಂದಿದ್ದಳೇ ಎಂದು ಅವರು ಹೋಗಿ ತಮ್ಮನ್ನೇ ಕೇಳಿದರು. ತಾವು ಫೋಟೊದ ಕಡೆ ತಿರುಗಿಯೂ ನೋಡದೆ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: "ನಮ್ಮಲ್ಲಿ ಎಲ್ಲ ಪಕ್ಕಾ. ಬಂದವರೆಲ್ಲ ಫೋಟೊದಲ್ಲಿ ಇದಾರೆ. ಇಲ್ಲ ಅಂದ್ರೆ ಬಂದಿಲ್ಲ ಅಂತ್ಲೇ."

ಮರುದಿನದಿಂದ ಅವಳು ಕಾಲೇಜಿಗೆ ಬರುತ್ತಿಲ್ಲ. ಪ್ರವಾಸದ ನೆಪ ಹೇಳಿ ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ ಎಂದು ಮನೆಯಲ್ಲಿ ವಿಚಾರಣೆ ನಡೆಯುತ್ತಿದೆ. ಸಹಪಾಠಿಗಳು ಹೋಗಿ ಹೇಳಿದರು. ನಾನೂ ಹೋದೆ.

"ನೀವು ಅವಳ ಪರ, ಮೇಡಂ. ದೊಡ್ಡೋರೇ ಬಂದಿಲ್ಲ ಅಂದ್ಮೇಲೆ ಮುಗೀತಲ್ಲ," ಎಂದರು ಅಪ್ಪ, ಕೀಲಿಯನ್ನು ಅರದಿಂದ ಉಜ್ಜುತ್ತಲೇ. ನನಗೆ ಅವರ ಮೇಲೆ ಸಿಟ್ಟಿಲ್ಲ. ಪ್ರಾಂಶುಪಾಲರ ಮಾತು ನಂಬಬಾರದೆಂದು ಪಾಪ ಅವರಿಗೆ ಯಾರು ಕಲಿಸಬೇಕಿತ್ತು?

ಇದನ್ನೆಲ್ಲ ಹೇಳಲು ತಮ್ಮ ಕೊಠಡಿಗೆ ಬಂದೆ. ತಾವು ಪರಿಸರ ದಿನಕ್ಕಾಗಿ ಕುಂಡದ ಗಿಡವೊಂದಕ್ಕೆ ನೀರೆರೆಯುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದಿರಿ. ತಂಬಿಗೆಯಲ್ಲಿ ನೀರಿರಲಿಲ್ಲ. ಮುಂದಿನ ಸಲ ಆ ಹುಡುಗಿಯನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸೋಣ ಎಂದಿರಿ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಮುಂದಿನ ಸಲವೇ? ಅವಳಿಗೆ ಮುಂದಿನ ತರಗತಿಯೇ ಉಳಿದಿಲ್ಲವಲ್ಲ! ಒಂದು ನಿಮಿಷ ಅಂಗಡಿಗೆ ಹೋಗಿ 'ನನ್ನದು ತಪ್ಪಾಯಿತು' ಎನ್ನಲು ತಮಗಾಗದು, ಅದಕ್ಕೆ ಬ್ಯಾನರ್ ಬರೆಸಲು ಬರುವುದಿಲ್ಲವಲ್ಲ. ನಾಚಿಕೆ ಎಂಬುದು ಕುರ್ಚಿಯ ಎತ್ತರಕ್ಕೆ ಏರುವುದಿಲ್ಲವೇನೋ.

ನನ್ನ ಬೇಡಿಕೆ ದೊಡ್ಡದಲ್ಲ. ಬರುವ ಸೋಮವಾರ ಆ ಬೀಗದ ಅಂಗಡಿಗೆ ಬನ್ನಿ. ಕ್ಯಾಮೆರಾ ಬೇಡ, ಹಾರ ಬೇಡ, ಬ್ಯಾನರ್ ಮಾತ್ರ ತನ್ನಿ. ಅದರ ಹಿಂದೆ ನಿಂತು ಕೈಯೆತ್ತಿ ಮೇಲಂಚನ್ನು ಹಿಡಿದುಕೊಳ್ಳಿ. ತಾವು ಎತ್ತರದವರು, ತುಸು ಬಗ್ಗಬೇಕಾಗುತ್ತದೆ. ಜೀವಮಾನದಲ್ಲಿ ಒಮ್ಮೆ ಬಗ್ಗಿದರೆ ನಷ್ಟವೇನಿಲ್ಲ. ಆ ಅಪ್ಪ ಮುಂದಿನಿಂದ ನೋಡಲಿ. ಪ್ರಾಂಶುಪಾಲರು ಬರಲೇ ಇಲ್ಲವೇ ಎಂದು ಅವರು ಕೇಳಿದರೆ, ಬಂದಿದ್ದೇನೆ ಎಂದು ಹಿಂದಿನಿಂದ ತಾವೇ ಹೇಳಿ. ಅವರು ನಂಬುವವರೆಗೂ ಕೈ ಇಳಿಸಬೇಡಿ.

ಇಂತಿ,
ಅದೇ ಫೋಟೊದ ಅಂಚಿನಲ್ಲಿ ಅರ್ಧ ಭುಜವಾಗಿ ಉಳಿದಿರುವ,
ಕೊಟ್ಟ ಮಾತು ಉಳಿಸಿಕೊಳ್ಳಲಾಗದ
ಪ್ರಾಣಿಶಾಸ್ತ್ರದ ಅಧ್ಯಾಪಕಿ