ಬೀಗರಿಗೆಂದು ಒಡೆಸಿದ ಹಾಲು

ರಾಮದುರ್ಗ
ಗುರುವಾರ, 14 ನವೆಂಬರ್ 2024

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಚಳಿ ಬಿದ್ದಿದೆ, ಬೆಳಗಾಗುತ್ತಲೇ ತಣ್ಣೀರಿನಲ್ಲಿ ಅಂಗಳ ತೊಳೆಯಲು ಹೋಗಬೇಡ. ಕಿವಿಯ ಮಷೀನನ್ನು ಡಬ್ಬಿಯಲ್ಲೇ ಇಟ್ಟಿದ್ದೀಯೆಂದು ತಮ್ಮ ಸಚಿನ ಹೇಳಿದ. ಅದು ಸೊಂಯ್ ಎನ್ನುತ್ತದೆ, ನನಗೂ ಗೊತ್ತು, ಆದರೂ ದಿನಕ್ಕೊಂದಿಷ್ಟು ಹೊತ್ತು ಹಾಕಿಕೊಂಡರೆ ರೂಢಿಯಾಗುತ್ತದಂತೆ. ಈ ಕಾಲದಲ್ಲಿ ತಾಯಿಗೆ ಪತ್ರ ಬರೆಯುವವಳು ನಾನೊಬ್ಬಳೇ ಇರಬೇಕು. ಏನು ಮಾಡಲಿ, ಫೋನಿನಲ್ಲಿ ನಿನಗೆ ಕೇಳಿಸುವಷ್ಟು ಜೋರಾಗಿ ಹೇಳಿದರೆ ಇಲ್ಲಿ ಓಣಿಗೆಲ್ಲ ಕೇಳಿಸುತ್ತದೆ. ಸಚಿನನ ಮೊಬೈಲಿಗೆ ಬರೆದು ಕಳಿಸಿದರೆ ನಿನಗಿಂತ ಮೊದಲು ಅವನೇ ಓದುತ್ತಾನೆ. ನಾಳೆ ನಮ್ಮ ಓಣಿಯ ಬಸಯ್ಯನವರು ಬೈಲಹೊಂಗಲಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ಮೊದಲು ಸಂತೋಷದ ಸುದ್ದಿ. ನನ್ನ ನಾದಿನಿ ಮಧುವಿನ ಮದುವೆ ಮುನವಳ್ಳಿಯ ಮನೆತನದಲ್ಲಿ ಗಟ್ಟಿಯಾಯಿತು. ಕಳೆದ ರವಿವಾರ ಹುಡುಗ, ಅವನ ತಂದೆತಾಯಿ, ಸೋದರತ್ತೆ ಬಾಯವ್ವ, ಎಲ್ಲ ನೋಡಲು ಬಂದಿದ್ದರು. ಅವರಿಗೆ ಏನು ಮಾಡಿಹಾಕಬೇಕು ಎನ್ನುವುದೇ ನಮ್ಮ ಮನೆಯಲ್ಲಿ ವಾರವಿಡೀ ನಡೆದ ಮಾತು. ಅತ್ತೆ ಉಪ್ಪಿಟ್ಟು, ಶಿರಾ ಎಂದರು. ಮಧು ಒಪ್ಪಲಿಲ್ಲ. ನನ್ನ ಹಿಂದೆ ಹಿಂದೆ ಬಂದು, "ವೈನಿ, ಅವರು ಎಷ್ಟ ಮನಿ ಉಪ್ಪಿಟ್ಟ ತಿಂದು ಬಂದಾರೋ ಏನೋ. ನಮ್ಮ ಉಪ್ಪಿಟ್ಟ ನೆನಪಿಟ್ಟು ನನ್ನ ಲಗ್ನ ಆಗ್ತಾರೇನು?" ಎಂದು ಗೋಗರೆದಳು. ಅವಳು ಮೊಬೈಲಿನಲ್ಲಿ ಒಂದು ತಿನಿಸು ನೋಡಿದ್ದಳು. ನಡುವೆ ಒಂದು ಬಟ್ಟಲಲ್ಲಿ ಬಿಸಿಬಿಸಿ ಕರಗಿದ ಚೀಸು, ಸುತ್ತಲೂ ಬೆಣ್ಣೆ ಹಚ್ಚಿ ಕೆಂಪಗೆ ಕಾಯಿಸಿದ ಬ್ರೆಡ್ಡಿನ ತುಂಡುಗಳು. ಎಲ್ಲರೂ ಒಂದೇ ಬಟ್ಟಲಿಗೆ ಕೈಹಾಕಿ ಅದ್ದಿ ತಿನ್ನುವುದು. ಅದನ್ನೇ ಮಾಡುತ್ತೇವೆಂದು ಹುಡುಗನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟಿದ್ದಳು. ಇನ್ನು ಇಲ್ಲವೆನ್ನುವುದು ಹೇಗೆ? ನಮ್ಮ ಮನೆಯವರು ಸುರೇಬಾನದ ಸಾಲೆಯಿಂದ ಬರುವಾಗ ಬೇಕರಿಯಿಂದ ಚೀಸಿನ ಪೊಟ್ಟಣ ತಂದುಕೊಟ್ಟರು.

ಅಲ್ಲಿಯೇ ನನ್ನ ಬಾಯಿ ಸುಮ್ಮನಿರಬೇಕಿತ್ತು. ಇದನ್ನು ಹೇಗೆ ಮಾಡುತ್ತಾರೆ ಎಂದು ಅತ್ತೆ ಸಹಜವಾಗಿ ಕೇಳಿದರು. ನಾನು ಬಿಎಸ್ಸಿ ಓದಿದವಳಲ್ಲವೇ, ಪಾಠ ಶುರುಮಾಡಿದೆ. ಈಗ ಸೂಕ್ಷ್ಮಜೀವಿಗಳಿಂದ ತೆಗೆದ ರಸ ಹಾಕಿ ಹಾಲು ಹೆಪ್ಪುಗಟ್ಟಿಸುತ್ತಾರೆ, ಹಿಂದಿನ ಕಾಲದಲ್ಲಿ ಎಳೆಗರುವಿನ ಹೊಟ್ಟೆಯ ಒಳಪದರದಿಂದ ಅದನ್ನು ತೆಗೆಯುತ್ತಿದ್ದರು ಎಂದೆ. ಕರುವಿನ ಹೊಟ್ಟೆ ಎಂಬುದನ್ನು ಕೇಳಿದ ಮೇಲೆ ಅವರಿಗೆ ಮುಂದಿನದೇನೂ ಕಿವಿಗೆ ಬೀಳಲಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ತೋರಿಸಿದೆ, ಇವರೂ ತಿಳಿಸಿ ಹೇಳಿದರು. "ಲಿಂಗಪೂಜಿ ಮಾಡೂ ಮನಿಯೊಳಗ ಕರುವಿನ ಹೊಟ್ಟಿ ತಂದಿಟ್ಟೀರೇನು?" ಎಂದರು. ಪೊಟ್ಟಣ ಹಿತ್ತಲ ಗೋಡೆ ದಾಟಿ ಪಕ್ಕದ ಮನೆಯ ಮಕ್ಕಳ ಪಾಲಾಯಿತು. ಮಧು ಮುಖ ಊದಿಸಿಕೊಂಡು ಕೂತಳು.

ರವಿವಾರ ಮುಂಜಾನೆ ಅತ್ತೆ ಗುಡಿಗೆ ಹೋದಾಗ ನಾನೇ ಮನೆಯ ಹಾಲಿನಿಂದ ಚೀಸು ಮಾಡಲು ನಿಂತೆ. ಹಾಲು ಕಾಯಿಸಿ, ಲಿಂಬೆಹಣ್ಣು ಹಿಂಡಿ, ಒಡೆದದ್ದನ್ನು ತೆಳು ಅರಿವೆಯಲ್ಲಿ ಕಟ್ಟಿ ತೂಗುಬಿಟ್ಟೆ. ನೀರೆಲ್ಲ ಇಳಿದ ಮೇಲೆ ಅದಕ್ಕೆ ಬೆಣ್ಣೆ, ಚಿಟಿಕೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಹೋದರೆ ಕರಗುತ್ತದೆ. ಅತ್ತೆ ಗುಡಿಯಿಂದ ಬಂದವರು ಆ ಅರಿವೆಯನ್ನು ನೋಡಿದರು, ಕೆಳಗಿನ ಪಾತ್ರೆಯಲ್ಲಿ ಬಿದ್ದ ಹಳದಿ ನೀರನ್ನು ನೋಡಿದರು. ಸಿಟ್ಟಾಗಲಿಲ್ಲ ಅವ್ವಾ, ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ, "ಮೊಲಿ ಕುಡಿಯೂ ಕೂಸಿರೂ ಮನಿಯೊಳಗ ಬೇಕಂತ ಹಾಲು ಒಡಸೂದಿಲ್ಲ, ಗಂಗಾ. ತಾಯಿ ಹಾಲಿಗೆ ಕುತ್ತು. ನಿಮ್ಮವ್ವ ಹೇಳಿಲ್ಲೇನು?" ಎಂದರು. ನೀನು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಈ ರೂಢಿ ಇಲ್ಲವೋ, ಅಥವಾ ಬಾಣಂತನದ ಗಡಿಬಿಡಿಯಲ್ಲಿ ನೀನು ಮರೆತೆಯೋ? ಬೆಳಗಾವಿಯ ಕುಂದಾ ಕೂಡ ಹಾಲು ಒಡೆಸಿಯೇ ಮಾಡುವುದು ಎಂದು ಹೇಳಬೇಕೆಂದುಕೊಂಡೆ. ಕರುವಿನ ಪಾಠ ನೆನಪಾಗಿ ಒಲೆಯ ಕಡೆ ತಿರುಗಿದೆ.

ಬೀಗರು ಬಂದು ಕೂತರು. ಚೀಸು ಮೊದಲು ಮರಳಿನಂತೆ ಉದುರುದುರಾಗಿತ್ತು, ಆಮೇಲೆ ಒಂದಕ್ಕೊಂದು ಹತ್ತಿಕೊಂಡು ನುಣ್ಣಗಾಗತೊಡಗಿತು. ಆಗ ಕೈಬಿಟ್ಟರೆ ಗಂಟುಗಂಟಾಗುತ್ತದೆ. ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಕೂಸು ಎದ್ದು ಅಳತೊಡಗಿತು. ಅತ್ತೆ ಬೀಗರ ಮುಂದೆ ಕೂತಿದ್ದರು, ಮಧು ಸೀರೆ ಉಡುತ್ತಿದ್ದಳು. ನಾನು ತಿರುವುತ್ತಲೇ ನಿಂತೆ. ಈಗ ಕರಗಿತು, ಈಗ ಕರಗಿತು ಎಂದುಕೊಳ್ಳುತ್ತ, ಅಳು ಏರಿ ಏರಿ ಕೊನೆಗೆ ಬಿಕ್ಕಾಗುವವರೆಗೂ ತಿರುವಿದೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿದೆ. ಮೇಲೊಂದು ಚಮಚ ರಂಜಕ ಹಾಕಿದೆ, ಕೆಂಪು ಖಾರ ಚೀಸಿನ ಮೇಲೆ ಎಷ್ಟು ಚೆಂದ ಹರಿಯಿತೆಂದರೆ ನಾನೇ ಒಂದು ಗಳಿಗೆ ನೋಡುತ್ತ ನಿಂತುಬಿಟ್ಟೆ. ರೊಟ್ಟಿಯ ಹಂಚಿನ ಮೇಲೆ ಕಾಯಿಸಿದ ಬ್ರೆಡ್ಡು ಜೋಡಿಸಿ ಹೊರಗೆ ಕಳಿಸಿ, ಆಮೇಲೆ ಕೂಸಿನ ಹತ್ತಿರ ಹೋದೆ.

ಹೊರಗೆ ನಗುವೋ ನಗು. ಬಾಯವ್ವ ಬ್ರೆಡ್ಡಿನ ತುಂಡು ಅದ್ದಿ ಎತ್ತಿದರೆ ಚೀಸು ಎಳೆಎಳೆಯಾಗಿ ಹಿಂದೆಯೇ ಬಂತಂತೆ. "ಇದೇನ್ರಿ ತಂಗೆವ್ವಾರ, ತಿನ್ನೂದೋ, ಶಾವಗಿ ಹೊಸದಂಗ ಹೊಸೂದೋ?" ಎಂದು ಅತ್ತೆಯನ್ನು ಕೇಳಿದ್ದು ನನಗೆ ಒಳಗೇ ಕೇಳಿಸಿತು. ಬಟ್ಟಲು ಬಳಿದು ತಿಂದರು. ಅತ್ತೆಯೂ ಅವರೆದುರು ನನ್ನನ್ನು ಬಿಟ್ಟುಕೊಡಲಿಲ್ಲ, ನಮ್ಮ ಸೊಸೆ ಕಲಿತವಳು, ಅವಳೇ ಮಾಡಿದ್ದು ಎಂದರು. ಹೋಗುವಾಗ ಬಾಯವ್ವ ಮಧುವಿನ ಗಲ್ಲ ಹಿಡಿದು ಒಪ್ಪಿಗೆ ಹೇಳಿಯೇ ಹೋದರು. ಆದರೆ ಒಳಗೆ ಕೂಸು ನನ್ನ ಮೊಲೆಗೆ ಬಾಯಿ ಇಡಲಿಲ್ಲ. ತಲೆ ಆಚೆ ತಿರುಗಿಸಿತು. ಎಷ್ಟು ರಮಿಸಿದರೂ ತಿರುಗಿಸಿಯೇ ಇತ್ತು.

ಅಂದಿನಿಂದ ಹಾಗೆಯೇ ಇದೆ ಅವ್ವಾ. ಒಮ್ಮೆ ಕುಡಿಯುತ್ತದೆ, ಒಮ್ಮೆ ಕುಡಿಯುತ್ತ ಕುಡಿಯುತ್ತ ಬಿಟ್ಟು ಅಳುತ್ತದೆ. ನನ್ನ ಹಾಲು ಬತ್ತುತ್ತಿದೆ ಎಂದು ನನಗನ್ನಿಸುತ್ತದೆ. ಆಶಾ ಕಾರ್ಯಕರ್ತೆ ಲಗಮವ್ವ ಬಂದು ತೂಗಿದಳು. ತೂಕ ಏರಿದೆ, ಹಲ್ಲು ಬರುವ ಹೊತ್ತು, ಅದಕ್ಕೇ ಹಾಗೆ ಮಾಡುತ್ತದೆ, ಚಿಂತೆ ಬಿಡಿ ಎಂದಳು. ಇನ್ನೊಮ್ಮೆ ತೂಗಿಸಿದೆ, ಅಷ್ಟೇ ಬಂತು. ಆದರೂ ಅವಳು ಹೋದ ಮೇಲೆ ಆ ತಕ್ಕಡಿಯೇ ಸರಿಯಿಲ್ಲವೇನೋ ಎಂದು ಯೋಚಿಸುತ್ತ ಕೂತೆ. ಇವರು ನಗುತ್ತಾರೆ. "ನೀನು ಬಿಎಸ್ಸಿ ಕಲತಾಕಿ, ನೀನೂ ಇದನ್ನೆಲ್ಲ ನಂಬತಿಯೇನ?" ಎನ್ನುತ್ತಾರೆ. ನಂಬುವುದಿಲ್ಲ. ನಂಬದಿದ್ದರೂ ಹೆದರಿಕೆ ಹೋಗುವುದಿಲ್ಲ, ಅದನ್ನು ಯಾರಿಗೆ ಹೇಗೆ ಹೇಳುವುದು? ಕೂಸು ಮಲಗಿದರೂ ನನಗೆ ನಿದ್ದೆ ಇಲ್ಲ. ಅಳದಿದ್ದಾಗಲೂ ಅಳು ಕೇಳಿಸುತ್ತದೆ, ಹೋಗಿ ನೋಡಿದರೆ ಅದು ನೆಮ್ಮದಿಯಾಗಿ ಮಲಗಿರುತ್ತದೆ.

ಅತ್ತೆ ಒಂದು ದಾರಿ ಹೇಳಿದ್ದಾರೆ, ನಿನಗೆ ಬರೆಯೆಂದು ಅವರೇ ಹೇಳಿದರು. ಇವರ ಮನೆಯ ಪದ್ಧತಿಯಂತೆ, ಬಾಣಂತಿಯ ತಾಯಿ ತವರಿನಿಂದ ಹಾಲು ತಂದು ಇಲ್ಲಿಯ ಒಲೆಯ ಮೇಲೆ ಉಕ್ಕಿಸಬೇಕಂತೆ. ಸೋಮವಾರ ಆದರೆ ಒಳ್ಳೆಯದಂತೆ. ಅವರನ್ನು ಕೆಟ್ಟವರೆಂದು ತಿಳಿಯಬೇಡ. ದಿನಾ ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಖಾರ ಮಾಡಿ ಎದುರಿಗೆ ಕೂತು ಉಣ್ಣಿಸುತ್ತಾರೆ. ಆದರೆ ನಾನು ಉಣ್ಣುವಾಗ ಅವರ ಕಣ್ಣು ನನ್ನ ತಟ್ಟೆಯ ಮೇಲಿರುವುದಿಲ್ಲ, ಎದೆಯ ಮೇಲಿರುತ್ತದೆ. ನಿನ್ನ ಮೊಣಕಾಲಿಗೆ ಇಷ್ಟು ದೂರ ಬರಲು ಆಗುತ್ತದೋ ಇಲ್ಲವೋ. ಆಗದಿದ್ದರೆ ಬೇಡ, ನಾನು ಹೇಗೋ ಅವರಿಗೆ ಹೇಳುತ್ತೇನೆ. ಬರುವುದಾದರೆ ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು, ಟಿಕೆಟ್ಟಿಗೆ ಆಧಾರ್ ಕಾರ್ಡು ಮರೆಯಬೇಡ.

ಅಪ್ಪನ ಫೋಟೋಕ್ಕೆ ನನ್ನ ಪರವಾಗಿ ಒಂದು ಹೂ ಇಡು. ಸಚಿನನಿಗೆ ವೇಳೆಗೆ ಸರಿಯಾಗಿ ಉಣ್ಣಲು ಹೇಳು. ಮೊಮ್ಮಗ ನಿನ್ನ ಕಾಲಿಗೆ ಬೀಳುವಷ್ಟು ಇನ್ನೂ ದೊಡ್ಡವನಾಗಿಲ್ಲ, ಅವನ ನಮಸ್ಕಾರವನ್ನೂ ನಾನೇ ಬರೆಯುತ್ತಿದ್ದೇನೆ.

ನಿನ್ನ ಮಗಳು,
ಗಂಗಾ

ತಾ.ಕ.: ಅವ್ವಾ, ಬಸಯ್ಯನವರು ಪತ್ರ ಇಂದೇ ಬೇಕೆಂದು ಬಂದು ಹೊರಗೆ ಚಹಾ ಕುಡಿಯುತ್ತಿದ್ದಾರೆ, ಮಡಚಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆಗದಿದ್ದರೆ ಬೇಡ ಎಂದು ಮೇಲೆ ಬರೆದದ್ದನ್ನು ಓದಬೇಡ, ಬಾ. ಕೂಸು ಅತ್ತರೆ ನನ್ನ ಕಾಲುಗಳು ತೊಟ್ಟಿಲ ಕಡೆ ಹೋಗುತ್ತಿಲ್ಲ, ಬಾಗಿಲ ಕಡೆ ಹೋಗುತ್ತಿವೆ. ನಿನ್ನೆ ಅಳುವ ಕೂಸನ್ನು ಬಿಟ್ಟು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ನಿಂತಿದ್ದೆ. ಕಾಲಲ್ಲಿ ಚಪ್ಪಲಿ ಇಲ್ಲವೆಂದು ಅಲ್ಲಿ ಯಾರೋ ಹೇಳಿದಾಗ ಗೊತ್ತಾಯಿತು. ಕೊತ್ತಂಬರಿ ತರಲು ಹೋಗಿದ್ದೆ ಎಂದು ಮನೆಯಲ್ಲಿ ಹೇಳಿದೆ, ಕೈಯಲ್ಲಿ ಕೊತ್ತಂಬರಿ ಇರಲಿಲ್ಲ, ಯಾರೂ ಕೇಳಲಿಲ್ಲ. ಲಗಮವ್ವನ ತಕ್ಕಡಿ ಸರಿಯಾಗಿಯೇ ಇದೆ ಅವ್ವಾ. ದವಾಖಾನೆಗೆ ತೋರಿಸಬೇಕಾದದ್ದು ಕೂಸನ್ನಲ್ಲ, ನನ್ನನ್ನು. ಹಾಲಿನ ನೆಪ ಮಾಡಿಕೊಂಡು ಬಾ, ಉಕ್ಕಿಸುವುದನ್ನು ಉಕ್ಕಿಸಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಸೋಮವಾರದವರೆಗೆ ಕಾಯಬೇಡ. ಅಲ್ಲಿಯವರೆಗೆ ಕೂಸನ್ನು ಅತ್ತೆಯ ಮಗ್ಗುಲಲ್ಲೇ ಮಲಗಿಸುತ್ತೇನೆ.