ಹನ್ನೊಂದು ನಿಮಿಷದ ಕಂಪ್ಯೂಟರು

೧೪-೪-೨೦೦೩, ರಾತ್ರಿ ೯

ಬೆಂಗಳೂರಿನಲ್ಲಿ ಸ್ವಂತ ಕೈಯಿಂದ ಕಂಪ್ಯೂಟರ್ ಕಟ್ಟಿದ ಮೊದಲ ಮನುಷ್ಯ ನಾನು. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳ ಎಂಜಿನಿಯರುಗಳು ನನ್ನ ಹತ್ತಿರ ಟ್ಯೂಷನ್ನಿಗೆ ಬರಬೇಕು. ಓದಿದ್ದು ಕುಣಿಗಲ್ ಕಡೆಯ ಹಳ್ಳಿಶಾಲೆಯಲ್ಲಿ ಏಳನೇ ಕ್ಲಾಸು, ಆಮೇಲೆ ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ತರಕಾರಿ. ಬಿಡಿಭಾಗ ತಂದೆ, ಜೋಡಿಸಿದೆ, ಸ್ವಿಚ್ ಒತ್ತಿದೆ. ಹತ್ತಿತು.

ಇವತ್ತೂ ಐದಕ್ಕೆ ಹೇಮಶ್ರೀ ಬಂದಳು, ತ್ಯಾಗರಾಜನಗರದಿಂದ. ಹನುಮಕ್ಕನ ಮಗಳು, ನನ್ನ ಸ್ವಂತ ಅಕ್ಕನ ಮಗಳು. ಎಂ.ಕಾಂ. ಕೊನೆ ವರ್ಷ. ಪ್ರಾಜೆಕ್ಟ್ ರಿಪೋರ್ಟು ಟೈಪ್ ಮಾಡಿ ಮೇ ಹತ್ತಕ್ಕೆ ಕೊಡಬೇಕು. ಬ್ರೌಸಿಂಗ್ ಸೆಂಟರಿಗೆ ಯಾಕೆ ದುಡ್ಡು ಸುರಿಯುತ್ತೀ, ಮಾವನ ಮನೆಗೆ ಬಾ ಎಂದು ಕರೆದದ್ದು ನಾನೇ. ಕಂಪ್ಯೂಟರ್ ಕಟ್ಟಿದ್ದೇ ಅದಕ್ಕೆ. ಅವಳಿಗೆ ಹಾಗಂತ ಹೇಳಿಲ್ಲ.

ಐದು ಇಪ್ಪತ್ತಕ್ಕೆ ಪಟ್ಟನೆ ಆಫ್. ಕರೆಂಟು ಇದೆ, ಫ್ಯಾನು ತಿರುಗುತ್ತಿದೆ.

"ಮಾವ, ಒಂದು ಪೇಜು ಹೋಯ್ತು. ಸೇವ್ ಮಾಡಿರ್ಲಿಲ್ಲ."

"ಹೊಸ ಮಿಷಿನ್ನಲ್ವಾ, ಸುಸ್ತಾಗಿರತ್ತೆ. ಉಪ್ಪಿಟ್ಟು ತಿನ್ನು, ಅಷ್ಟರಲ್ಲಿ ಎದ್ದೇಳತ್ತೆ."

ಎದ್ದಿತು. ಮತ್ತೆ ಬಿತ್ತು. ಎಂಟರವರೆಗೆ ಕೂತು ಹೋದದ್ದನ್ನೆಲ್ಲ ಮತ್ತೆ ಟೈಪ್ ಮಾಡಿದಳು. ಊಟಕ್ಕೂ ಇದ್ದಳು. ಎರಡು ತಟ್ಟೆ ತೊಳೆದೆ. ಒಳಗೊಳಗೇ ಖುಷಿ... ಇದು ಇಲ್ಲೇ ಇರಲಿ.

೧೬-೪

ಕಾರಣ ಸಿಕ್ಕಿತು. ಪಕ್ಕದ ಮನೆ ಗುರುಬಸಮ್ಮನವರ ವೆಟ್ ಗ್ರೈಂಡರ್. ಸಂಜೆ ಅದು ಶುರುವಾದರೆ ನಮ್ಮ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ. ಹೋಗಿ ಹೇಳಿದೆ.

"ನಿಮ್ಮ ಕಂಪ್ಯೂಟರ್‌ಗೋಸ್ಕರ ನಾವು ದೋಸೆ ತಿನ್ನೋದು ಬಿಡ್ಬೇಕಾ, ಚಲುವರಾಜಣ್ಣ?"

"ಬಿಡ್ಬೇಡಿ. ಬೆಳಿಗ್ಗೆ ರುಬ್ಕೊಳ್ಳಿ. ಎರಡು ನನಗೂ ಕಳ್ಸಿ."

ಒಪ್ಪಿದರು. ಸಂಜೆ ಗ್ರೈಂಡರ್ ಸದ್ದಿಲ್ಲ. ಆದರೂ ಆಫ್. ದೋಸೆಯೂ ಬರಲಿಲ್ಲ.

೧೯-೪

ಯುಪಿಎಸ್ ತಂದೆ. ಆಫ್. ಒಳಗೆ ಕರೆಂಟು ಹಂಚುವ ಡಬ್ಬ — ಎಸ್‌ಎಂಪಿಎಸ್ ಅನ್ನುತ್ತಾರೆ — ಹೊಸದು ಹಾಕಿದೆ. ಆಫ್. ಗಡಿಯಾರ ಎದುರಿಗಿಟ್ಟುಕೊಂಡು ಕೂತೆ. ಹನ್ನೊಂದು ನಿಮಿಷ. ಸ್ವಲ್ಪ ಬಿಟ್ಟು ಹಾಕಿದರೆ ಎಂಟು. ತಕ್ಷಣ ಹಾಕಿದರೆ ಮೂರು.

"ಇದಕ್ಕೆಲ್ಲ ಎಷ್ಟಾಯ್ತು ಮಾವ?" ಎಂದಳು ಹೇಮ.

"ಒಂದು ಪೈಸೆ ಇಲ್ಲ. ಅಂಗಡಿಯವನು ನನ್ನ ಮುಖ ನೋಡಿ ಫ್ರೀ ಕೊಟ್ಟ."

"ಈ ಮುಖ ನೋಡಿನಾ?"

ಬಾಗಿಲು ದಾಟುವವರೆಗೂ ನಗುತ್ತಿದ್ದಳು.

೨೩-೪

ಇಪ್ಪತ್ತು ಪೇಜಿನ ಫೈಲು ಇವತ್ತು ತೆರೆಯಲೇ ಇಲ್ಲ. ಕೆಟ್ಟುಹೋಗಿದೆ. ಹೇಮ ಬಹಳ ಹೊತ್ತು ಸ್ಕ್ರೀನ್ ನೋಡುತ್ತಾ ಕೂತಳು. ಕಣ್ಣು ಕೆಂಪು.

"ನಾಳೆಯಿಂದ ಬ್ರೌಸಿಂಗ್ ಸೆಂಟರ್‌ಗೆ ಹೋಗ್ತೀನಿ ಮಾವ. ಬೇಜಾರ್ ಮಾಡ್ಕೋಬೇಡಿ."

"ನನಗ್ಯಾಕೆ ಬೇಜಾರು? ನನಗೂ ನೂರೆಂಟು ಕೆಲಸ ಇದೆ."

ಏನು ಕೆಲಸ ಎಂದು ಅವಳು ಕೇಳಲಿಲ್ಲ. ಒಳ್ಳೆಯದಾಯಿತು. ಉಪ್ಪಿಟ್ಟು ಪೂರ್ತಿ ಉಳಿಯಿತು.

೨-೫

ರ್‍ಯಾಮ್ ಬದಲಾಯಿಸಿದೆ. ಮದರ್‌ಬೋರ್ಡೂ ಬದಲಾಯಿಸಿದೆ. ಅದೇ ಹನ್ನೊಂದು ನಿಮಿಷ.

ಸಿಟ್ಟು ಬಂದು ಗೋಣಿಚೀಲ ನೀರಲ್ಲಿ ನೆನೆಸಿ ತಂದು ಕಂಪ್ಯೂಟರಿನ ಪಕ್ಕದಲ್ಲಿ ಕಟ್ಟಿ ಟೇಬಲ್ ಫ್ಯಾನ್ ಬಿಟ್ಟೆ. ಬೇಸಿಗೆಯಲ್ಲಿ ಸೊಪ್ಪು ಬಾಡದ ಹಾಗೆ ಇಡುತ್ತಿದ್ದುದು ಹೀಗೇ. ಇಪ್ಪತ್ತಾರು ನಿಮಿಷ ನಡೆಯಿತು. ಅಂದರೆ ಶಾಖವೇ ಕಳ್ಳ. ಕಂಡುಹಿಡಿದದ್ದು ನಾನು, ಬೇರೆ ಯಾರೂ ಅಲ್ಲ.

ಹೇಳೋಣವೆಂದು ಫೋನ್ ಮಾಡಿದೆ. ಅಕ್ಕ ತೆಗೆದಳು. ಹೇಮ ಬ್ರೌಸಿಂಗ್ ಸೆಂಟರಿನಲ್ಲಿ.

೫-೫, ಮಧ್ಯಾಹ್ನ

ಸೋತೆ ಅಂತಲ್ಲ. ಎರಡನೇ ಅಭಿಪ್ರಾಯ ಇರಲಿ ಎಂದು ಆಟೋದಲ್ಲಿ ಹೊತ್ತುಕೊಂಡು ಹೋದೆ. ಇಲ್ಲೇ ಚಾಮರಾಜಪೇಟೆಯಲ್ಲಿ ಚೂಡಾಮಣಿ ಎನ್ನುವವರ ರಿಪೇರಿ ಅಂಗಡಿ. ನಲವತ್ತರ ಹೆಂಗಸು, ಮಾತು ಕಡಿಮೆ. ಪ್ರೊಸೆಸರಿನ ಮೇಲೆ ಕೂರುವ ಅಲ್ಯೂಮಿನಿಯಂ ಗಟ್ಟಿಯನ್ನು ಬಿಚ್ಚಿ, ಮಗುಚಿ ನೋಡಿದರು. ಚಿಮಟದಲ್ಲಿ ಏನನ್ನೋ ಎತ್ತಿ ಹಿಡಿದರು.

"ಇದೇನು ಸರ್?"

"ಕೂದಲಾ?"

"ತೆಂಗಿನ ನಾರು. ಇಲ್ಲಿ ಬೂದು ಬಣ್ಣದ್ದು, ಮೇಣದ ಥರ ಒಂದು ಪಟ್ಟಿ ಇರತ್ತೆ. ಶಾಖ ಅದರಿಂದ್ಲೇ ಮೇಲಕ್ಕೆ ಹೋಗ್ಬೇಕು. ಯಾರು ಉಜ್ಜಿ ತೆಗೆದಿದ್ದು?"

"ಅಂಗಡಿಯವರಿರಬೇಕು."

"ಅಂಗಡಿಯವರು ಪಾತ್ರೆ ತಿಕ್ಕೋ ನಾರಲ್ಲಿ ಉಜ್ಜಲ್ಲ ಸರ್."

ಜೋಡಿಸುವ ದಿನ ಆ ಪಟ್ಟಿಯನ್ನು ನೋಡಿ, ಯಾರೋ ಚೂಯಿಂಗ್ ಗಮ್ ಅಂಟಿಸಿದ್ದಾರೆ ಎಂದುಕೊಂಡಿದ್ದೆ. ಹೇಮ ಮುಟ್ಟುವ ಸಾಮಾನು, ಗಲೀಜಿರಬಾರದು ಅಂತ ತಿಕ್ಕಿದ್ದೆ... ಮುಖ ಕಾಣುವಷ್ಟು ಹೊಳಪು ಬಂದಿತ್ತು.

ಕಡಲೆಕಾಳಿನಷ್ಟು ಬಿಳಿ ಪೇಸ್ಟು ಹಚ್ಚಿ ಮತ್ತೆ ಕೂರಿಸಿದರು.

"ನೂರೈವತ್ತು ಕೊಡಿ. ಮಿಕ್ಕಿದ್ದೆಲ್ಲ ಮೊದ್ಲಿಂದ್ಲೂ ಸರಿಯಾಗೇ ಇತ್ತು."

೫-೫, ರಾತ್ರಿ

ಆರು ಗಂಟೆ ಸತತ ನಡೆಯಿತು. ಎದುರಿಗೇ ಕೂತಿದ್ದೆ. ಹೇಮಳಿಗೆ ಫೋನ್ ಮಾಡಿದೆ.

"ಸರಿಹೋಯ್ತು. ನಾಳೆ ಬಾ."

"ರಿಪೋರ್ಟು ಮುಗೀತು ಮಾವ. ಬೈಂಡಿಂಗ್‌ಗೆ ಕೊಟ್ಬಿಟ್ಟೆ. ಏನಾಗಿತ್ತು ಅದಕ್ಕೆ?"

"ಕಂಪನಿಯವರ ತಪ್ಪು. ಕ್ಷಮೆ ಕೇಳಿದ್ರು."

"ನಿಮ್ಮ ಮುಖ ನೋಡಿ ಕೇಳಿರ್ತಾರೆ." ನಕ್ಕಳು. ನಾನೂ ನಕ್ಕೆ.

"ಬೇರೆ ಏನಾದ್ರೂ ಟೈಪ್ ಮಾಡೋದಿದ್ರೆ..."

"ಹೂಂ ಮಾವ. ಇದ್ರೆ ಬರ್ತೀನಿ."

೧೮-೫, ಸಂಜೆ ೫

ಬೆಳಿಗ್ಗೆಯಿಂದ ಹತ್ತಿಯೇ ಇದೆ. ಟೈಪ್ ಮಾಡಲು ನನ್ನ ಹತ್ತಿರ ಏನೂ ಇಲ್ಲ. ನನ್ನ ಹೆಸರು ಇಂಗ್ಲಿಷಿನಲ್ಲಿ ಒತ್ತಿದೆ, ಅಳಿಸಿದೆ.

ಅಕ್ಕ ಫೋನ್ ಮಾಡಿದ್ದಳು. "ನಿಜ ಹೇಳೋ, ಎಷ್ಟು ಕಳ್ಕೊಂಡೆ?" ನೂರೈವತ್ತು ಎಂದೆ. ನಂಬಿದಳೋ ಇಲ್ಲವೋ.

ಇಲ್ಲಿಯಾದರೂ ಬರೆಯುತ್ತೇನೆ. ಯುಪಿಎಸ್, ಡಬ್ಬ, ರ್‍ಯಾಮ್, ಬೋರ್ಡು, ಆಟೋ, ಚೂಡಾಮಣಿಯವರದ್ದು ಎಲ್ಲ ಸೇರಿ ಒಂಬತ್ತು ಸಾವಿರದ ಒಂಬೈನೂರು. ಕೊನೆಯ ನೂರೈವತ್ತು ಬಿಟ್ಟರೆ ಎಲ್ಲ ಬೇಡವಾದದ್ದಕ್ಕೆ ಹೋದ ದುಡ್ಡು. ಅವಳು ಬಂದದ್ದು ಆರು ಸಂಜೆ. ಒಂದು ಸಂಜೆಗೆ ಸಾವಿರದ ಆರುನೂರ ಐವತ್ತು. ದುಬಾರಿ ಅನ್ನಿಸಲಿಲ್ಲ.